ಅವ್ವ ಬಿಡಿಸಿದ ರೇಡಿಯೇಟರ್ ಪೈಪು

ನಾನು ಏಳನೆಯ ಇಯತ್ತೆಯಲ್ಲಿದ್ದ ಕಾಲಕ್ಕೆ ಒಂದು ಕಾರಿನಲ್ಲಿ ಎಷ್ಟು ಜನ ಹಿಡಿಯುತ್ತಾರೆ ಎಂದು ಯಾರೂ ಕೇಳುತ್ತಿರಲಿಲ್ಲ. ರಾಮದುರ್ಗದ ಖೋಖೋ ಪಂದ್ಯಕ್ಕೆಂದು ಆ ಶ್ರಾವಣದ ಬೆಳಿಗ್ಗೆ ಬೈಲಹೊಂಗಲ ಬಿಟ್ಟಾಗ ಅಪ್ಪನ ಹಳೆಯ ಬಾಡಿಗೆ ಕಾರಿನಲ್ಲಿ ಒಂಬತ್ತು ಹುಡುಗಿಯರಿದ್ದೆವು. ಮುಂದೆ, ಕಾರು ಓಡಿಸುತ್ತಿದ್ದ ಅಪ್ಪನ ಪಕ್ಕದ ಸೀಟಿನಲ್ಲಿ ನಮ್ಮವ್ವ. ನಮ್ಮ ಓಣಿಯ ಹೆಂಗಸರ ಜಂಪರುಗಳೆಲ್ಲ ಅವಳ ಹೊಲಿಗೆಯವೇ. ತಂಡದ ನೀಲಿ ಲಂಗಗಳನ್ನೂ ಅವಳೇ ಹೊಲಿದಿದ್ದಳು. ಮೂರರ ಅಂಚು ಬಾಕಿ ಉಳಿದಿದ್ದರಿಂದ, ದಾರಿಯಲ್ಲಿ ಮುಗಿಸುತ್ತೇನೆಂದು ಹೊಲಿಗೆ ಡಬ್ಬಿ ಹಿಡಿದು ಕಾರು ಹತ್ತಿದ್ದಳು. ಆಟದ ಮಾಸ್ತರರು ಮೋಟಾರ್‌ಸೈಕಲ್ ಮೇಲೆ ಮುಂದೆ ಹೋಗಿದ್ದರು.

ಕಾಲ ಬುಡದಲ್ಲೆಲ್ಲ ಬುತ್ತಿ ಡಬ್ಬಿಗಳು. ಶೇಂಗಾ ಚಟ್ನಿಯ ವಾಸನೆ ತಡೆಯದೆ ಸಜ್ಜಿರೊಟ್ಟಿ ಮುರಿದು ತಿನ್ನುತ್ತ, ಹಾಡುತ್ತ ಮುನವಳ್ಳಿ ದಾಟಿದೆವು. ಕಾಲುವೆಯ ಹತ್ತಿರ ಬಾನೆಟ್ಟಿನಿಂದ ಬುಸ್ಸೆಂದು ಹಬೆ ಎದ್ದಿತು. ಸುಟ್ಟ ರಬ್ಬರಿನ ನಾತ ಮೂಗಿಗೆ ಬಡಿಯಿತು.

ಎಂಜಿನ್ ತಣ್ಣಗಾಗುವವರೆಗೆ ಅಪ್ಪ ಯಾರನ್ನೂ ಹತ್ತಿರ ಬಿಡಲಿಲ್ಲ. ರೇಡಿಯೇಟರಿನ ಮೇಲಿನ ರಬ್ಬರ್ ಪೈಪು ಸೀಳಿತ್ತು. ಹೊಸ ಪೈಪು ಡಿಕ್ಕಿಯಲ್ಲೇ ಇತ್ತು. ಹಳೆಯದರ ಎಂಜಿನ್ ಕಡೆಯ ತುದಿ ಸಲೀಸಾಗಿ ಬಂತು. ರೇಡಿಯೇಟರ್ ಕಡೆಯದು ಮಾತ್ರ ಕ್ಲಿಪ್ ಬಿಚ್ಚಿದರೂ ಬರಲೊಲ್ಲದು. ವರ್ಷಗಟ್ಟಲೆ ಬೆಂದ ರಬ್ಬರು ಹಿತ್ತಾಳೆಯ ಮೂತಿಗೆ ಕಚ್ಚಿಕೊಂಡಿತ್ತು. ಅಪ್ಪ ತಿರುವಿದ, ಜಗ್ಗಿದ. ಮೂತಿ ಕಟಕ್ಕೆಂದು ಅಲುಗಿತು. ಥಟ್ಟನೆ ಕೈ ಬಿಟ್ಟ.

“ಬೆಸುಗಿ ಬಿಡಾಕತ್ತೈತಿ. ಮೂತಿ ಕಿತ್ತ ಬಂತಂದ್ರ ಕಾರ್ ಇಲ್ಲೇ.”

“ಹನ್ನೆರಡಕ್ಕ ನಮ್ಮ ಮ್ಯಾಚ್ ಐತ್ರಿ ಕಾಕಾ,” ಎಂದಳು ನಮ್ಮ ನಾಯಕಿ ಶಬಾನಾ.

ಅವ್ವ ಹೊಲಿಯುತ್ತಿದ್ದ ಲಂಗ ಮಡಚಿಟ್ಟು ಬಂದು ಬಗ್ಗಿ ನೋಡಿದಳು.

“ಹಳೇ ಪೈಪ್ ನಿಮಗ ಬೇಕೇನು?”

“ಅದನ್ನ ತುಗೊಂಡು ಏನ ಮಾಡ್ಲಿ?”

“ಮತ್ತ ಅದನ್ನ ಉಳಿಸಾಕ ಯಾಕ ನೋಡ್ತೀರಿ? ಹೊಲಿಗಿ ಬಿಚ್ಚಿದಂಗ ಉದ್ದಕ ಬಿಚ್ಚೂಣು.”

“ಕೈ ಕೊಯ್ಕೋತಿ.”

“ದಿನಾ ಬ್ಲೇಡ್ ಹಿಡಿಯಾಕಿ ನಾನು. ಸರೀರಿ.”

ಅಪ್ಪ ಸರಿದ. ಅವ್ವ ಡಬ್ಬಿಯಿಂದ ಅರ್ಧ ಬ್ಲೇಡು ತೆಗೆದು, ಒಂದು ತುದಿಗೆ ಅರಿವೆಯ ಚೂರು ಸುತ್ತಿ, ಪೈಪಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಒತ್ತಲಿಲ್ಲ. ಅದೇ ಗೆರೆಯ ಮೇಲೆ ಮತ್ತೆ, ಮತ್ತೆ. ಒಳಗಿನ ಹಿತ್ತಾಳೆಗೆ ಗೀರು ಬೀಳಬಾರದಲ್ಲ! ಸ್ವಲ್ಪ ಹೊತ್ತಿಗೆ ರಬ್ಬರಿನೊಳಗೆ ದಾರದ ನೇಯ್ಗೆ ಕಂಡಿತು.

“ನೋಡ್ರಿ, ಇದರಾಗೂ ದಾರ ಐತಿ,” ಎಂದು ನಕ್ಕಳು.

ಎಳೆ ಎಳೆಯಾಗಿ ಅದನ್ನೂ ಕೊಯ್ದು, ಸೀಳಿನಲ್ಲಿ ಉಗುರು ತೂರಿಸಿ, ಸಿಪ್ಪೆ ಸುಲಿದಂತೆ ಬಿಡಿಸಿದಳು. ಪೈಪು ಕೈಗೆ ಬಂತು. ಮೂತಿಯ ಮೇಲೆ ಒಂದು ಗೀರೂ ಇರಲಿಲ್ಲ.

ಅಪ್ಪ ಮೂತಿ ಒರೆಸಿ, ಹೊಸ ಪೈಪು ಏರಿಸಿ, ಕ್ಲಿಪ್ ಬಿಗಿದ. ನಾವು ಬುತ್ತಿ ಡಬ್ಬಿಗಳನ್ನು ತೊಳೆದು ಕಾಲುವೆಯಿಂದ ನೀರು ತಂದು ರೇಡಿಯೇಟರಿಗೆ ಸುರಿದೆವು. ಎಂಜಿನ್ ಚಾಲೂ ಮಾಡಿ ನೋಡಿದರೆ ಒಂದು ಹನಿಯೂ ಸೋರಲಿಲ್ಲ.

ರಾಮದುರ್ಗದ ಮೈದಾನ ಮುಟ್ಟಿದಾಗ ನಮ್ಮ ತಂಡದ ಹೆಸರು ಕೂಗುತ್ತಿದ್ದರು. ಮಾಸ್ತರರು ಸಿಟ್ಟಿನಿಂದ ಓಡಿ ಬಂದರು. ಅಪ್ಪ ಎದೆಯುಬ್ಬಿಸಿ, “ಇವತ್ತ ಗಾಡಿ ಮುಟ್ಟಿಸಿದಾಕಿ ನಮ್ಮಾಕಿರಿ ಮಾಸ್ತರ್ರ. ನಾ ಬರೇ ಸ್ಟೇರಿಂಗ್ ಹಿಡದೇನಿ,” ಎಂದ. ಅವ್ವ ತಲೆ ಎತ್ತದೆ ಕೊನೆಯ ಲಂಗದ ದಾರ ಕಡಿಯುತ್ತಿದ್ದಳು. ಆ ಪಂದ್ಯ ಗೆದ್ದೆವು, ಮುಂದಿನದನ್ನು ಸೋತೆವು. ಆದರೆ ಎದುರು ತಂಡದವರಿಗೆಲ್ಲ ಅವ್ವನನ್ನು ತೋರಿಸಿ ತೋರಿಸಿ ನನ್ನ ಬೆರಳೇ ಸೋತಿತ್ತು.

ಈಗ ಅಪ್ಪನೂ ಇಲ್ಲ, ಆ ಕಾರೂ ಇಲ್ಲ. ಮೊನ್ನೆ ನನ್ನ ಕಾರು ಬಿಸಿಯಾಗಿ ನಿಂತಾಗ ಗ್ಯಾರೇಜಿನ ಗಾಡಿ ಬಂದು ಅದನ್ನು ಎಳೆದುಕೊಂಡು ಹೋಯಿತು. ಗ್ಯಾರೇಜಿನವರು ನನ್ನನ್ನು ಗಾಜಿನಾಚೆ ಕೂರಿಸಿ ಚಹಾ ಕೊಟ್ಟರು. ಒಳಗೆ ಹೋಗುವಂತಿಲ್ಲ. ಸಂಜೆ ಕಾರು ತೊಳೆದು ಒರೆಸಿ ಕೊಟ್ಟರು, ಕೆಲಸ ಚೆನ್ನಾಗಿಯೇ ಆಗಿತ್ತು. ಸರಿ ಮಾಡಿದವರು ಯಾರೆಂದು ಕೇಳಿದೆ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು. ಅದರಲ್ಲಿ ಹೆಸರಿರಲಿಲ್ಲ.