ಬ್ಯಾಡಗಿ ಬಣ್ಣದ ಟೈಟ್ರೇಶನ್

ಬ್ಯಾಡಗಿಯ ಕಾಲೇಜೊಂದಕ್ಕೆ ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಹೋಗಿದ್ದೆ. ಬಿಸಿ ಆಕ್ಸಾಲಿಕ್ ಆಮ್ಲಕ್ಕೆ ನೇರಳೆ ಬಣ್ಣದ ಪರ್ಮಾಂಗನೇಟನ್ನು ಹನಿಹನಿಯಾಗಿ ಬಿಡುತ್ತ, ತಿಳಿ ಗುಲಾಬಿ ಬಣ್ಣ ನಿಂತ ಕೂಡಲೇ ನಿಲ್ಲಿಸಬೇಕು. ಮೊದಲ ಮೇಜಿನ ಹುಡುಗಿಯ ಫ್ಲಾಸ್ಕು ಕಡುನೇರಳೆಯಾಗಿ ಮೆರೆಯುತ್ತಿತ್ತು!

ಅವಳ ಉತ್ತರಪತ್ರಿಕೆ ಇನ್ನೂ ಮಜಾ. ಸಮೀಕರಣದಲ್ಲಿ ಎರಡು ಪರ್ಮಾಂಗನೇಟಿಗೆ ಐದು ಆಮ್ಲ ಎಂದು ಸರಿಯಾಗಿಯೇ ಬರೆದು, ಆಮೇಲೆ ಎರಡನ್ನು ಹೊಡೆದು ಮೂರು ಮಾಡಿದ್ದಳು.

“ಇದೇನವಾ, ಮೂರು?”

“ಎರಡು ಇಟ್ರ ಬಾಜೂದಾಕಿ ಉತ್ತರಕ್ಕ ಕೂಡವಲ್ದ್ರಿ ಸರ. ಮೂರು ಇಟ್ಟೆ, ಕೂಡ್ತು.”

“ಒಂದೊಂದು ಪರ್ಮಾಂಗನೇಟಿಗೆ ಐದು ಎಲೆಕ್ಟ್ರಾನ್ ಬೇಕು. ಮೂರಕ್ಕ ಹದಿನೈದು. ನಿನ್ನ ಐದು ಆಮ್ಲ ಕೂಡಿ ಕೊಡೂದು ಹತ್ತು. ಉಳಿದ ಐದು ಯಾರು ಕೊಡಾವ್ರು?”

ಹುಡುಗಿ ಬಾಜೂದಾಕೆಯ ಕಡೆ ನೋಡಿದಳು.

“ಹೋಗ್ಲಿ, ಇಷ್ಟು ಯಾಕ ಸುರಿದಿ?”

“ನಮ್ಮಪ್ಪಂದು ಮೆಣಸಿನಕಾಯಿ ವ್ಯಾಪಾರ ರೀ. ಬಣ್ಣ ತಿಳಿ ಇದ್ರ ಮಾಲು ಚಲೋ ಅಲ್ಲ ಅಂತಾನ.”

ಹೊಟ್ಟೆ ಹಿಡಿದುಕೊಂಡು ನಕ್ಕೆ. ಇನ್ನೂ ಸಮಯವಿತ್ತು, ಇನ್ನೊಮ್ಮೆ ಮಾಡಿಸಿದೆ. ಈ ಸಲ ಕಂಡೂ ಕಾಣದ ಗುಲಾಬಿ ಬಂತು, ಎರಡಕ್ಕೆ ಐದು ಇಟ್ಟರೆ ಉತ್ತರವೂ ಸರಿಹೋಯಿತು. ಅವಳಿಗೆ ಮಾತ್ರ ಸಮಾಧಾನವಿಲ್ಲ.

“ಇದನ್ನ ಪ್ಯಾಟ್ಯಾಗ ಯಾರು ಮೂಸಿ ನೋಡ್ತಾರ್ರಿ ಸರ?”

ಸಂಜೆ ಹಾವೇರಿ ಬಸ್ಸು ಹಿಡಿಯುವ ಮುಂಚೆ ಎರಡು ಕಿಲೋ ಮೆಣಸಿನಕಾಯಿ ಕೊಂಡೆ. ದಿನವಿಡೀ ತಿಳಿ ಬಣ್ಣ ಕಂಡಲ್ಲೆಲ್ಲ ‘ಶಾಭಾಸ್’ ಎಂದು ಪಳಗಿದ ಕಣ್ಣು ನನ್ನದು. ಮನೆಯಲ್ಲಿ ಹೆಂಡತಿ ಚೀಲ ಬಿಚ್ಚಿದಳು.

“ಬ್ಯಾಡಗಿಗೆ ಹೋಗಿ ಇಂಥಾ ಬಿಳಿಚಿದ್ದನ್ನ ತಂದೀರೇನ್ರಿ?”

ಆ ಪರೀಕ್ಷೆಯಲ್ಲಿ ಇನ್ನೊಮ್ಮೆ ಮಾಡಿ ತೋರಿಸುವ ಅವಕಾಶ ಇರಲಿಲ್ಲ.