ಉಡಿಯಲ್ಲಿ ಹೋದ ಲೈಸೆನ್ಸ್

ಕೊರೊನಾ ಕಳೆದ ಮರುವರ್ಷ ನಾನು ರಾಯಚೂರಿನ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹಿರಿಯ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಮಾನ್ವಿ, ದೇವದುರ್ಗ ಎರಡೂ ತಾಲ್ಲೂಕು ನನ್ನ ಪಾಲಿಗೆ ಬಂದಿದ್ದವು. ಎಂಜಿನಿಯರ್ ಎಂಬುದು ಕಾರ್ಡಿನ ಮೇಲಿನ ಮಾತು. ದಿನದ ಅರ್ಧ ಕೆಲಸ ಸಿಪಿಯು ಬಿಚ್ಚಿ ಧೂಳು ಊದುವುದೇ.

ಮಾನ್ವಿಯ ಅಮರೇಶ ನನ್ನ ಹಳೆಯ ಗಿರಾಕಿ. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಡಿಟಿಪಿ ಅಂಗಡಿ: ಮದುವೆ ಪತ್ರಿಕೆ, ಪಹಣಿ ಪ್ರಿಂಟ್, ಪರೀಕ್ಷೆ ಅರ್ಜಿ. ಅಕ್ಕಪಕ್ಕದ ಅಂಗಡಿಗಳೆಲ್ಲ ಕದ್ದ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡು ನಡೆಸುತ್ತಿದ್ದಾಗ ಅವನು ನನ್ನಿಂದ ಲೈಸೆನ್ಸ್ ಇರುವ ಒರಿಜಿನಲ್ ಡಬ್ಬಿ ಕೊಂಡಿದ್ದ. ಬಂದವರಿಗೆಲ್ಲ 'ನಮ್ಮಲ್ಲಿ ಎಲ್ಲಾ ಒರಿಜಿನಲ್ ರೀ' ಎಂದು ಹೇಳಿಕೊಳ್ಳುವುದು ಅವನಿಗೆ ಬಹಳ ಖುಷಿ.

ಈ ಲೈಸೆನ್ಸುಗಳಲ್ಲಿ ಎರಡು ಬಗೆ. ಒಂದು ಕಂಪ್ಯೂಟರಿನ ಜೊತೆಗೇ ಬಂದು ಅದರ ಜೊತೆಗೇ ಸಾಯುತ್ತದೆ. ಇನ್ನೊಂದು ಡಬ್ಬಿಯಲ್ಲಿ ಬರುತ್ತದೆ. ಅದನ್ನು ಹೊಸ ಕಂಪ್ಯೂಟರಿಗೆ ವರ್ಗಾಯಿಸಬಹುದು, ಆದರೆ ಹಳೆಯದರಿಂದ ತೆಗೆದ ಮೇಲೆ ಮಾತ್ರ. ಮಾರುವಾಗ ನಾನು ಮೊದಲರ್ಧವನ್ನು ಬಾಯ್ತುಂಬ ಹೇಳಿದ್ದೆ: 'ನಾಳಿ ಹೊಸ ಕಂಪ್ಯೂಟರ್ ತಂದ್ರೂ ಇದ ನಡೀತದ.' ಉಳಿದರ್ಧ ನುಂಗಿದ್ದೆ. ವ್ಯಾಪಾರದ ಮಾತು ಸಾಮಾನ್ಯವಾಗಿ ಹಾಗೇ ಇರುತ್ತದೆ.

ಅಮರೇಶನ ತಂಗಿ ಶರಣಮ್ಮ ಮದುವೆಗೆ ಮೊದಲು ಅದೇ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದಳು. ಗಂಡನ ಊರು ದೇವದುರ್ಗದಲ್ಲಿ ತಾನೂ ಒಂದು ಅಂಗಡಿ ತೆರೆಯಲು ಹೊಸ ಕಂಪ್ಯೂಟರ್ ಕೊಂಡಳು. ತವರಿನಿಂದ ಹೊರಡುವಾಗ ಅತ್ತಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ಹಾಕಿ ಉಡಿ ತುಂಬಿದಳು. ಅಮರೇಶ ಆ ಡಬ್ಬಿಯನ್ನೂ ಉಡಿಯಲ್ಲಿ ಇಡಿಸಿದ. ನಮ್ಮ ಕಡೆ ಮಗಳ ಉಡಿಗೆ ಬಿದ್ದದ್ದು ಹಿಂದೆ ಬರುವುದಿಲ್ಲ. ಅದನ್ನು ಕೇಳುವುದೂ ತಪ್ಪು, ಅವಳು ತಿರುಗಿ ಕೊಡುವುದೂ ತಪ್ಪು.

ಹೊಸ ಕಂಪ್ಯೂಟರಿಗೆ ಸಿಸ್ಟಂ ಹಾಕಲು ನನ್ನನ್ನೇ ಕರೆದರು. ಡಬ್ಬಿಯೊಳಗಿನ ಕೀ, ಅಂದರೆ ಲೈಸೆನ್ಸಿನ ಗುಟ್ಟಿನ ನಂಬರ್, ಒತ್ತಿದಾಗ ಬಂದ ಸಂದೇಶ: ಈ ಕೀ ಬೇರೆ ಕಂಪ್ಯೂಟರಿನಲ್ಲಿ ಬಳಕೆಯಲ್ಲಿದೆ. ನಾನು ಆ ಸಂದೇಶ ಮುಚ್ಚಿದೆ.

'ಏನಾತ್ರಿ ಸರ್?' ಎಂದಳು ಶರಣಮ್ಮ.

'ನೆಟ್ ಸ್ಲೋ ಅದ ಅವ್ವಾ. ನಾಳಿ ಮುಗಿಸ್ತೀನಿ.'

ನೆಟ್ ಚೆನ್ನಾಗಿಯೇ ಇತ್ತು.

ಮರುದಿನ ಮಾನ್ವಿಗೆ ಹೋಗಿ ಅಮರೇಶನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳ ಕಂಪ್ಯೂಟರಿಗೆ ಹಾಕಬೇಕೆಂದರೆ ನಿನ್ನದರಿಂದ ತೆಗೆಯಬೇಕು ಎಂದೆ.

'ಎರಡಕ್ಕೂ ನಡೆಯಂಗಿಲ್ಲೇನ್ರಿ? ನೀವ ಹೇಳಿದ್ರಲ್ಲ...'

ನಾನು ಕೀಬೋರ್ಡ್ ನೋಡುತ್ತ ಕುಳಿತೆ. ಅವನು ಮಾತು ಬೆಳೆಸಲಿಲ್ಲ. 'ಉಡಿಯಾಗ ಹಾಕೀವ್ರಿ, ಮುಗೀತು. ತೆಗೀರಿ. ಆಕಿಗೆ ಮಾತ್ರ ಹೇಳಬ್ಯಾಡ್ರಿ.'

ನನ್ನ ಕಡೆಯಿಂದ ಇನ್ನೊಂದು ಡಬ್ಬಿ ತಂದುಕೊಡುತ್ತೇನೆ, ಅವಳಿಗೆ ಅದನ್ನೇ ಹಾಕೋಣ ಎಂದೆ. ಅವನು ಅಡ್ಡಡ್ಡ ತಲೆಯಾಡಿಸಿದ. 'ಬ್ಯಾಡ್ರಿ ಸರ್. ನಿಮ್ಮದು ಹಾಕಿದ್ರ ಅದು ನಾ ಕೊಟ್ಟಂಗ ಆಗಂಗಿಲ್ಲ. ನನಗ ಹಾಕಿದ್ರೂ ಕೊಟ್ಟಿದ್ದಕ್ಕ ಬದಲಿ ಇಸ್ಕೊಂಡಂಗ ಆಗ್ತದ.'

ಕೀ ತೆಗೆಯುವುದು ಒಂದೇ ಸಾಲಿನ ಕಮಾಂಡ್. ಅದಾದ ಮೇಲೂ ಕಂಪ್ಯೂಟರ್ ಕೆಲಸ ಮಾಡುತ್ತದೆ. ಆದರೆ ಪರದೆಯ ಕೆಳಗಿನ ಮೂಲೆಯಲ್ಲಿ, ಲೈಸೆನ್ಸ್ ಇಲ್ಲ ಎಂದು ಸಾರುವ ಬೂದು ಬಣ್ಣದ ಎರಡು ಸಾಲು ಬಂದು ಕೂರುತ್ತವೆ. ದೇವದುರ್ಗದಲ್ಲಿ ಶರಣಮ್ಮನ ಕಂಪ್ಯೂಟರ್ ಆವತ್ತೇ ಚಾಲೂ ಆಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ನಾನು ಕೈ ತೊಳೆದುಕೊಂಡೆ.

ಮುಂದಿನ ಸಲ ನಾನು ಆ ಅಂಗಡಿಯಲ್ಲಿದ್ದಾಗಲೇ ಒಬ್ಬ ಗಿರಾಕಿ ಪರದೆ ನೋಡಿ ನಕ್ಕ: 'ಏನಪಾ ಅಮರೇಶ, ನಿಂದೂ ಡೂಪ್ಲಿಕೇಟ್ ಆತಲ್ಲ!' ಅಮರೇಶನೂ ನಕ್ಕ. ನಿಜ ಹೇಳಿದರೆ ತಂಗಿಗೆ ಕೊಟ್ಟದ್ದನ್ನು ಊರ ಮುಂದೆ ಎತ್ತಿ ಆಡಿದಂತಾಗುತ್ತಿತ್ತು. ಹೇಳಬಹುದಾಗಿದ್ದವನು ನಾನು. ನಾನು ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುತ್ತಿದ್ದೆ.

ಪಂಚಮಿಗೆ ತವರಿಗೆ ಬಂದ ಶರಣಮ್ಮ ಆ ಎರಡು ಸಾಲು ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೂಡಲೇ ನನಗೆ ಫೋನ್ ಬಂತು.

'ಅಣ್ಣಂದು ತೆಗೆದು ನನಗ ಹಾಕಿದ್ರೇನ್ರಿ?'

'ಹೌದವ್ವಾ. ನಿನಗ ಹೇಳಬ್ಯಾಡ ಅಂದಿದ್ದ.'

'ಅವ ಅಣ್ಣ, ಹಂಗ ಅಂತಾನ. ನೀವ್ಯಾಕ ಕೇಳಲಿಲ್ರಿ? ಕೇಳಿದ್ರ ನಾ ಬ್ಯಾಡ ಅಂತಿದ್ದೆ. ಈಗ ತಿರುಗಿ ಹೆಂಗ ಕೊಡ್ಲಿ?'

ಬೇಡ ಅನ್ನುತ್ತಾಳೆ ಎಂದು ಗೊತ್ತಿದ್ದೇ ನಾನು ಅವಳನ್ನು ಕೇಳಿರಲಿಲ್ಲ. ಅಮರೇಶ ಬಾಯಿ ಮುಚ್ಚಲು ಹೇಳಿದ್ದು ನನಗೂ ಅನುಕೂಲವೇ ಆಗಿತ್ತು.

ಈಗ ನನ್ನದೇ ಸಣ್ಣ ಅಂಗಡಿ. ಲೈಸೆನ್ಸ್ ಮಾರುವಾಗ ತೆಗೆಯುವ ಮಾತನ್ನೇ ಮೊದಲು ಹೇಳುತ್ತೇನೆ. ವರ್ಗಾವಣೆ ಎಂದರೆ ಪಡೆಯುವವರನ್ನೂ ಕಳೆದುಕೊಳ್ಳುವವರನ್ನೂ ಇಬ್ಬರನ್ನೂ ಮಾತಾಡಿಸದೆ ಕೀಬೋರ್ಡ್ ಮುಟ್ಟುವುದಿಲ್ಲ. ನನ್ನ ವೃತ್ತಿ ಕಲಿಸಿದ್ದು ಇಷ್ಟು, ಅದೂ ತಡವಾಗಿ. ಮಾನ್ವಿಗೆ ಹೋದರೆ ಅಮರೇಶ ಈಗಲೂ ಬಿಡದೆ ಕೂರಿಸಿ ಚಹಾ ತರಿಸುತ್ತಾನೆ. ಪರದೆಗೆ ಬೆನ್ನು ಮಾಡಿ ಕುಡಿದು ಬರುತ್ತೇನೆ.