ತುರ್ವಿಹಾಳದ ಗದ್ದೆಗೆ ಬಂದ ನೊಣಹಿಡುಕ

ಶಕುನ, ಹಕ್ಕಿ ಅಡ್ಡ ಬಂತು ಎಂಬ ಮಾತುಗಳಿಗೆಲ್ಲ ನಗುತ್ತಿದ್ದವನು ನಾನು. ಈಗಲೂ ಶಕುನ ನಂಬುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ತುರ್ವಿಹಾಳದ ನಮ್ಮ ಗದ್ದೆಯಲ್ಲಿ ಕಂಡದ್ದಕ್ಕೆ ಏನೆನ್ನಬೇಕೋ ತಿಳಿಯದು.

ಬೇಸಿಗೆ ಬೆಳೆ ತೆನೆ ಕಟ್ಟುತ್ತಿತ್ತು. ಪಕ್ಕದ ಗದ್ದೆಯ ಖಾಸಿಂ ಸಾಬರು ಜಿಗಿಹುಳಕ್ಕೆ ಔಷಧಿ ಹೊಡೆಯುತ್ತಿದ್ದರು. ನಮ್ಮ ಕಡೆ ಒಬ್ಬರು ಹೊಡೆದರೆ ಪಕ್ಕದವರೂ ಅದೇ ದಿನ ಹೊಡೆಯಲೇಬೇಕು. ಇಲ್ಲವಾದರೆ ಅವರ ಹುಳವೆಲ್ಲ ನಮ್ಮ ಪೈರಿಗೆ ಬರುತ್ತದೆಂಬ ಹೆದರಿಕೆ. ಅಣ್ಣನೂ ಪಂಪು ಬೆನ್ನಿಗೇರಿಸಿ ಇಳಿದ.

ಮೂಲೆಯ ಜಾಲಿಯಲ್ಲಿ ಅದು ಕೂತಿತ್ತು. ಗುಬ್ಬಿಗಿಂತ ಸಣ್ಣದು. ತಲೆ, ರೆಕ್ಕೆ ಕಡುಗಪ್ಪು. ಮೈಯೆಲ್ಲ ಕಿತ್ತಳೆ ಹಣ್ಣಿನ ಬಣ್ಣ. ಪುರ್ರೆಂದು ಹಾರಿ ಹುಳ ಹಿಡಿದು ಅದೇ ಕೊಂಬೆಗೆ ಮರಳುತ್ತಿತ್ತು. ಅಷ್ಟು ಚೆಂದದ ಹಕ್ಕಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅಣ್ಣ ಓಡಿಸಲು ಕೈ ಬೀಸಿದ. ಅದು ಬಂದು ಅವನ ಕೈಯಲ್ಲಿದ್ದ ಪೈಪಿನ ತುದಿಗೇ ಕೂತುಕೊಂಡಿತು.

ಆಗ ನನಗೆ ಚಳಿ ಹತ್ತಿತು. ಬೆವರು ಆರಿ ಮೈ ಜುಮ್ಮೆಂದಿತು. ಮಳೆಯಲ್ಲಿ ನೆನೆದ ಎಲೆಯ ವಾಸನೆ ಬಂತು. ಬಿಸಿಲು ಮಾತ್ರ ನೆತ್ತಿ ಸುಡುತ್ತಲೇ ಇತ್ತು.

“ನಿಂಗೂ ಥಂಡಿ ಆಗಾಕತ್ತೈತೇನ್ಲೇ?” ಎಂದು ಅಣ್ಣ ಮೆಲ್ಲಗೆ ಕೇಳಿದ.

ಖಾಸಿಂ ಸಾಬರು ಬದುವಿನಿಂದ ಅಣ್ಣನಿಗೆ ಕೂಗಿದರು: “ಯಾಕ್ ನಿಂತೀಯೋ ತಮ್ಮಾ? ಹೊಡಿ. ಹುಳ ಎಲ್ಲಾ ನಿನ್ನ ಕಡಿಗೇ ಬರಾಕತ್ತಾವ.”

“ಹಕ್ಕಿ ಐತ್ರೀ ಚಾಚಾ. ಈ ಮೂಲಿ ಬಿಡ್ತೀನಿ.”

ಕೊಯ್ಲಿನಲ್ಲಿ ಒಂದು ಸಿವುಡು ತೆನೆ ಹೆಚ್ಚುಕಡಿಮೆಯಾದರೂ ಕೂಗಾಡಿ ಊರು ಒಂದು ಮಾಡುವ ಅಣ್ಣ ಆಡಿದ ಮಾತು ಅದು. ಮೂಲೆ ಬಿಟ್ಟು ಮಿಕ್ಕಿದ್ದಕ್ಕೆ ಹೊಡೆದ.

ಮರುದಿನ ಹಕ್ಕಿ ಇರಲಿಲ್ಲ. ಲಿಂಗಸುಗೂರಿನಲ್ಲಿ ಹಕ್ಕಿ ನೋಡುವ ಹುಚ್ಚಿನ ಮೇಷ್ಟ್ರೊಬ್ಬರಿಗೆ ವಿವರಿಸಿದೆ. ಅವರು ತೋರಿಸಿದ ಚಿತ್ರ ಅದೇ ಹಕ್ಕಿಯದು.

“ಇದು ಕಪ್ಪು-ಕಿತ್ತಳೆ ನೊಣಹಿಡುಕ. ನೀಲಗಿರಿಯಂಥಾ ಬೆಟ್ಟದ ತಂಪು ಕಾಡಿನ್ದು. ಆ ಕಾಡು ಬಿಟ್ಟು ಕೆಳಗ ಇಳಿಯಂಗಿಲ್ರೀ. ನೀವು ಬ್ಯಾರೆ ಏನರ ನೋಡಿರಬೇಕು,” ಎಂದರು.

ಹಕ್ಕಿ ನಮ್ಮ ಬೆಳೆ ಕಾಯಲು ಬಂದಿತ್ತು ಎಂದು ಕಥೆ ಕಟ್ಟುವಂತೆಯೂ ಇಲ್ಲ. ಆ ಮೂಲೆಯ ಪೈರು ಹುಳ ಬಿದ್ದು ಸುಟ್ಟಂತೆ ಒಣಗಿತು. ಅದು ಎಲ್ಲಿಂದ ಬಂತು, ಆ ತಂಪು ಯಾವುದು, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ.

ಕೊಯ್ಲಿನ ದಿನ ಅಣ್ಣ ಆ ಒಣಗಿದ ಪೈರಿನ ಮುಂದೆ ನಿಂತ. ಬೈಗುಳ ಕೇಳಲು ನಾನು ಸಿದ್ಧನಾದೆ.

“ಹೋಗ್ಲಿ ಬಿಡು,” ಅಂದ. “ಎಷ್ಟ್ ಚೆಂದ ಇತ್ತಲ್ಲೋ ಅದು.”